ಬಿಸೂನ್ ಅಂಕಲ್ ಸೀಸೆ ತೊಳೆದದ್ದು

ನಮ್ಮ ಜೊಹಾನಾ ಊರಿನಲ್ಲಿ ಎರಡು ಅಡಿ ನೆಲ ಅಗೆದವನಿಗೆ ಉಪ್ಪುನೀರು ಸಿಗುತ್ತದೆ, ಇಲ್ಲವೇ ಡಚ್ಚರ ಸೀಸೆ ಸಿಗುತ್ತದೆ. ಬರ್ಬೀಸ್ ನದಿಯ ದಂಡೆಯುದ್ದಕ್ಕೂ ಕಬ್ಬಿನ ತೋಟ ಮಾಡಿಕೊಂಡಿದ್ದ ಡಚ್ಚರು ಜಾಗ ಖಾಲಿ ಮಾಡಿ ಇನ್ನೂರು ವರ್ಷವಾಯಿತು. ಹೋಗುವಾಗ ಬೆಲೆಬಾಳುವುದನ್ನೆಲ್ಲ ಹಡಗಿಗೆ ಹೇರಿಕೊಂಡರು, ಕುಡಿದು ಮುಗಿಸಿದ ಸೀಸೆಗಳನ್ನು ನಮಗೆ ಬಿಟ್ಟರು. ಸಿಕ್ಕಿದವರು ಕೆಸರು ತೊಳೆದು ಕಿಟಕಿಯ ಮೇಲಿಟ್ಟುಕೊಳ್ಳುತ್ತಾರೆ. ಪಕ್ಕದ ಮನೆಯ ಮಿಸ್ ಐವೊರೀನ್ ಒಂದರಲ್ಲಿ ಮೆಣಸಿನಕಾಯಿ ಗೊಜ್ಜು ತುಂಬಿಟ್ಟಿದ್ದಾಳೆ. ಇದರಲ್ಲಿ ಸುದ್ದಿಯಾಗುವಂಥದ್ದು ಏನೂ ಇಲ್ಲ.

ಆದರೆ ಬಿಸೂನ್ ಅಂಕಲ್ ಯಾವುದನ್ನೂ ಸುಮ್ಮನೆ ನೋಡಿ ಬಿಟ್ಟವರಲ್ಲ. ಪೂರ್ತಿ ಹೆಸರು ಬಿಸೂನ್‌ದಯಾಲ್ ರಾಮ್‌ಲಗನ್. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಂಡದ್ದನ್ನೆಲ್ಲ ಅದು ಏನು, ಯಾಕೆ, ಎಲ್ಲಿಂದ ಬಂತು ಎಂದು ಕೆದಕಿ ನೋಡಿ, ಕೊನೆಗೆ ಊರಿಗೆ ಒಂದು ತೀರ್ಮಾನ ಹೇಳುವುದು ಅವರ ಪದ್ಧತಿ. ತೀರ್ಮಾನ ತಪ್ಪುವುದು ಅದೃಷ್ಟದ ಪದ್ಧತಿ. ಮುಂದಿನ ಮಂಗಳವಾರ ಸಮುದ್ರ ಕಟ್ಟೆ ದಾಟಿ ಬರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ಹೇಳಿದರು. ಇಡೀ ಬೀದಿ ಕೋಳಿ, ಅಕ್ಕಿ, ಅಜ್ಜಿಯರನ್ನು ಮಹಡಿಗೆ ಸಾಗಿಸಿ ಕಾದು ಕೂತಿತು. ಆ ಮಂಗಳವಾರ ಸಮುದ್ರ ಎಂದಿಗಿಂತ ನೂರು ಗಜ ಹಿಂದೆ ಸರಿದು ಮಲಗಿತ್ತು. ಇನ್ನೊಮ್ಮೆ ಓವರ್‌ಸಿಯರ್ ಕೌಲೇಸರ್ ಅವರ ಕತ್ತೆಯ ಹೊಟ್ಟೆ ನೋಡಿ ಅದು ಗಬ್ಬವಾಗಿದೆ ಎಂದು ಹೇಳಿದರು. ಕತ್ತೆ ಗಂಡು. ಆಮೇಲಿಂದ ಅಂಕಲ್ ಮಳೆ ಬರುತ್ತದೆ ಎಂದರೆ ಜನ ಛತ್ರಿಯನ್ನು ಮನೆಯಲ್ಲೇ ಬಿಟ್ಟು ಹೊರಡುತ್ತಿದ್ದರು.

ಇಂಥವರು ಹಿತ್ತಲಲ್ಲಿ ಕಕ್ಕಸಿನ ಗುಂಡಿ ತೋಡುತ್ತಿದ್ದಾಗ ಸೀಸೆ ಸಿಕ್ಕಿತು. ಹೊಸ ಕಕ್ಕಸು ಬೇಕೆಂದು ಅವರ ಹೆಂಡತಿ ದೂಲಾರಿ ಆಂಟಿ ಆರು ವರ್ಷದಿಂದ ಕೇಳುತ್ತಿದ್ದರು. ಗುಂಡಿ ಸೊಂಟದ ಮಟ್ಟಕ್ಕೆ ಬಂದಿತ್ತು, ಅಷ್ಟರಲ್ಲಿ ಗುದ್ದಲಿಗೆ ಏನೋ ತಗುಲಿ ಠಣ್ ಎಂದಿತು. ಅಂಕಲ್ ಸೀಸೆ ಹಿಡಿದು ಮೇಲೆ ಬಂದವರು ಮತ್ತೆ ಆ ಗುಂಡಿಗೆ ಇಳಿಯಲಿಲ್ಲ.

ನಾನು ಇದನ್ನು ಕಣ್ಣಾರೆ ಕಂಡೆ. ನಾನು ಈ ಊರಿನ ಟೇಲರ್. ನನ್ನ ಹೊಲಿಗೆ ಮಿಷನ್ ಕಿಟಕಿಯ ಹತ್ತಿರ ಇದೆ, ಕಿಟಕಿ ಅಂಕಲ್ ಅವರ ಹಿತ್ತಲಿಗೆ ತೆರೆಯುತ್ತದೆ. ಬೆಳಕಿಗಾಗಿ ಅಲ್ಲಿಟ್ಟಿದ್ದೇನೆ ಎಂದು ನಾನು ಹೇಳುತ್ತೇನೆ, ನಂಬುವವರು ನಂಬಲಿ.

ಅದು ದಪ್ಪ ಹೊಟ್ಟೆಯ, ಗಿಡ್ಡ ಕುತ್ತಿಗೆಯ ಕಡುಹಸಿರು ಸೀಸೆ, ಈರುಳ್ಳಿಯ ಆಕಾರ. ಮೈಮೇಲೆಲ್ಲ ಬಿಳಿ ಮಬ್ಬು, ಮಬ್ಬಿನ ಮೇಲೆ ತುಕ್ಕಿನ ಕೆಂಪು ಪಟ್ಟೆ, ಒಳಗೆ ತಳದಲ್ಲಿ ಕಲ್ಲಿನಂತೆ ಗಟ್ಟಿಯಾದ ಒಂದು ಕೆಸರಿನ ಉಂಡೆ. ಹೆಗಲಿನ ಮೇಲೆ ಹೆಬ್ಬೆರಳಗಲದ ಒಂದು ಗಾಜಿನ ಮುದ್ರೆ ಇತ್ತು, ಆದರೆ ಅದನ್ನು ಸುಣ್ಣದಂಥ ಹಕ್ಕಳೆ ಪೂರ್ತಿ ಮುಚ್ಚಿತ್ತು. ಮುದ್ರೆ ಇರುವ ಸೀಸೆ ನಮ್ಮೂರಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಅಂಕಲ್ ಕಣ್ಣುಮುಚ್ಚಿಕೊಂಡು ಅದರ ಮೇಲೆ ಬೆರಳಾಡಿಸಿದರು, ಸೀದಾ ರಮ್ ಅಂಗಡಿಗೆ ನಡೆದರು.

“ಈ ಊರಿಗೆ ಜೊಹಾನಾ ಅಂತ ಯಾಕೆ ಹೆಸರು ಬಂತು ಗೊತ್ತಾ?” ಎಂದು ಅಂಗಡಿಯ ಮಧ್ಯೆ ನಿಂತು ಕೇಳಿದರು.

“ಇಡೋಕೆ ಬೇರೆ ಹೆಸರು ಸಿಕ್ಕಿರ್ಲಿಲ್ಲ, ಅದಕ್ಕೆ,” ಎಂದರು ಕೌಲೇಸರ್. ಅವರು ಪಂಚಾಯ್ತಿಯ ಓವರ್‌ಸಿಯರ್. ಊರಿನ ರಸ್ತೆ, ಚರಂಡಿ, ಸೇತುವೆಗಳನ್ನು ರಿಪೇರಿ ಮಾಡದೆ ಉಳಿಸಿಕೊಂಡು ಬಂದವರು.

“ಜೊಹಾನಾ ಅನ್ನೋ ಹೆಂಗಸು ಈ ತೋಟದ ಒಡತಿ. ಆಕೆ ಬಂಗ್ಲೆ ಇದ್ದದ್ದು ನನ್ನ ಹಿತ್ತಲಲ್ಲಿ. ಈ ಮುದ್ರೆ ಮೇಲೆ ಆಕೆ ಹೆಸರಿದೆ.”

“ಓದಿದ್ರಾ ಭಾಯಿ?”

“ಕಲೆ ಹೋದ್ಮೇಲೆ ಓದ್ತೀನಿ.”

“ಅಂದ್ರೆ ಓದದೇನೇ ಗೊತ್ತಾಯ್ತು!”

“ಬೆರಳಿಗೆ ಗೊತ್ತಾಯ್ತು. ಮೊದಲಕ್ಷರ ಜೆ.”

ಅಂಗಡಿಯಲ್ಲಿ ಎದ್ದ ನಗುವಿಗೆ ಬೀದಿಯ ನಾಯಿಗಳು ಬೊಗಳಿದವು. “ನನ್ನ ಕತ್ತೆ ಮರಿ ಹಾಕಿದ ದಿನ ನಿಮ್ಮ ಜೊಹಾನಾ ಎದ್ದು ಬರ್ತಾಳೆ ಬಿಡಿ,” ಎಂದರು ಕೌಲೇಸರ್. ಅಂಕಲ್ ಸೀಸೆ ಎತ್ತಿಕೊಂಡು ಹೊರಗೆ ಬಂದರು. ನಾನು ಹಿಂದೆಯೇ ಬಂದೆ. ದಾರಿಯಲ್ಲಿ ಅವರು ಸೀಸೆಯನ್ನು ಎದೆಗೆ ಒತ್ತಿಕೊಂಡು ನನಗೆ ಹೇಳಿದರು: “ನನಗೆ ಅರವತ್ತೆಂಟಾಯ್ತು ಕಣಪ್ಪ ಟೇಲರ್. ಒಂದೇ ಒಂದ್ ಸಲ, ಊರಿನೋರ ಎದುರಿಗೆ, ನಾನ್ ಹೇಳಿದ್ದು ನಿಜ ಅಂತ ಆಗ್ಬೇಕು. ಬೇರೇನೂ ಬೇಡ ನನಗೆ.” ಅವರ ದನಿ ಕೇಳಿ ನನಗೆ ಪಾಪ ಅನ್ನಿಸಿತು. ಜೊತೆಗೆ, ಆ ಹಕ್ಕಳೆಯ ಕೆಳಗೆ ನಿಜವಾಗಿ ಏನಿರಬಹುದು ಎಂಬ ಹುಳ ಅವತ್ತೇ ನನ್ನ ತಲೆ ಹೊಕ್ಕಿತು.

ಅಂಕಲ್ ರಾಜಧಾನಿ ಜಾರ್ಜ್‌ಟೌನ್‌ನ ಒಂದು ಸಣ್ಣ ವಸ್ತುಸಂಗ್ರಹಾಲಯಕ್ಕೆ ಕಾಗದ ಬರೆದರು. ಅಲ್ಲಿನ ಅಧಿಕಾರಿಣಿ ಮಿಸ್ ಟ್ರಾಟ್‌ಮನ್ ಎಂಬಾಕೆಯಿಂದ ಉತ್ತರವೂ ಬಂತು. ಮುಂದಿನ ತಿಂಗಳ ಎರಡನೇ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬರುವುದಾಗಿಯೂ, ಮುದ್ರೆಯನ್ನು ಚಾಕು, ಮೊಳೆ, ಹಲ್ಲು ಮುಂತಾದವುಗಳಿಂದ ಕೆರೆಯಬಾರದೆಂದೂ, ಒಳಗಿನ ಕೊಳೆ ಹೋಗಿ ಬೆಳಕು ಹಾಯುವಂತಾದರೆ ಅಕ್ಷರ ಸುಲಭವಾಗಿ ಕಾಣುವುದೆಂದೂ ಬರೆದಿದ್ದರು. ಅಂಕಲ್ ಆ ಕಾಗದವನ್ನು ಊರಿಗೆಲ್ಲ ತೋರಿಸಿದರು. ಹಲ್ಲಿನ ವಿಷಯ ಅಧಿಕಾರಿಣಿಗೆ ಹೇಗೆ ಗೊತ್ತಾಯಿತೆಂದು ಮಾತ್ರ ಅವರಿಗೆ ತಿಳಿಯಲಿಲ್ಲ.

ಹಾಗೆ ಶುರುವಾಯಿತು ತೊಳೆಯುವ ಕೆಲಸ. ಮೊದಲು ಸೋಡಾಪುಡಿಯ ಬಿಸಿನೀರಿನಲ್ಲಿ ಎರಡು ದಿನ ನೆನೆಸಿದರು. ನೀರು ಕಪ್ಪಾಯಿತು, ಸೀಸೆ ಇದ್ದಂತೆಯೇ ಇತ್ತು. ಆಮೇಲೆ ಒಳಗೆ ಒಂದು ಹಿಡಿ ಅಕ್ಕಿ, ಅರ್ಧ ಲೋಟ ವಿನೆಗರ್ ಹಾಕಿ, ಬಿರಡೆ ಬಿಗಿದು, ಮೆಟ್ಟಿಲ ಮೇಲೆ ಕೂತು ಕುಲುಕತೊಡಗಿದರು. ಒಳಗಿನ ಮೂಲೆಗೆ ಬ್ರಷ್ ಹೋಗುವುದಿಲ್ಲವಲ್ಲ, ಅಕ್ಕಿ ಉಜ್ಜುತ್ತದೆ. ಅಕ್ಕಿ ಪುಡಿಯಾಗಿ ನೀರು ಹಾಲಿನಂತೆ ಬೆಳ್ಳಗಾಯಿತು. ಆಮೇಲೆ ಅಕ್ಕಿಯ ಜೊತೆ ಸಣ್ಣ ಜಲ್ಲಿ ಸೇರಿಸಿದರು, ಆಮೇಲೆ ತಾಮ್ರದ ತಂತಿಯನ್ನು ಕಾಳಿನಂತೆ ಕತ್ತರಿಸಿ ಹಾಕಿದರು. ತಾಮ್ರ ಗಾಜಿಗಿಂತ ಮೆದು, ಗೀರುವುದಿಲ್ಲ ಎಂಬುದು ಅವರ ತೀರ್ಮಾನ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಹಿತ್ತಲಿನಿಂದ ಚಿಕ್ ಚಿಕ್ ಚಿಕ್ ಎಂಬ ಸದ್ದು. ಮಧ್ಯೆ ಮಧ್ಯೆ ಅಂಕಲ್ ಬಗ್ಗಿ, ಸೀಸೆಯ ಬಾಯಿಗೆ ಕಣ್ಣಿಟ್ಟು, ತಳದಲ್ಲಿ ಕಚ್ಚಿಕೊಂಡಿದ್ದ ಕೆಸರಿನ ಉಂಡೆಗೆ ಬುದ್ಧಿ ಹೇಳುತ್ತಿದ್ದರು: “ಬಾರೋ ಹೊರಗೆ. ಎಷ್ಟ್ ವರ್ಷ ಒಳಗೇ ಕೂರ್ತೀಯ? ಇವತ್ತಲ್ಲ ನಾಳೆ ಬರ್ಲೇಬೇಕು ನೀನು.”

ಮೂರನೇ ವಾರ ಒಂದು ದಿನ ಮಿಸ್ ಐವೊರೀನ್ ನನ್ನ ಅಂಗಡಿಯೊಳಗೆ ಬಂದು ಬಾಗಿಲು ಹಾಕಿಕೊಂಡಳು. ಎಪ್ಪತ್ತು ದಾಟಿದ ಅಗಲವಾದ ಹೆಂಗಸು, ಊರಿನ ಅರ್ಧ ಮಕ್ಕಳನ್ನು ಹೊರಗೆ ಎಳೆದ ಸೂಲಗಿತ್ತಿ.

“ಮಗಾ, ಬಿಸೂನ್ ಬಾಟ್ಲಿ ಜೊತೆ ಮಾತಾಡ್ತಿದಾನೆ.”

“ಮಾತಾಡ್ಲಿ ಬಿಡಿ ಮಿಸ್ ಐವೊರೀನ್. ಬಾಟ್ಲಿ ಹತ್ರ ಮಾತಾಡೋರು ನಮ್ಮೂರಲ್ಲಿ ಬಹಳ ಜನ ಇದಾರೆ.”

“ಅವ್ರೆಲ್ಲ ಕುಡಿದು ಮಾತಾಡೋದು. ಇವನು ಕುಡೀದೆ ಮಾತಾಡ್ತಾನೆ. ಬಾ ಹೊರಗೆ ಅಂತ ಕರೀತಾನೆ. ಒಳಗಿಂದ ಅದು ಚಿಕ್ ಚಿಕ್ ಅಂತ ಉತ್ತರ ಕೊಡುತ್ತೆ. ಬಾಟ್ಲಿಲಿ ಹಾಲಿದೆ, ನನ್ನ ಎರಡೂ ಕಣ್ಣಲ್ಲಿ ನೋಡಿದೀನಿ.” ಅವಳು ದನಿ ಇಳಿಸಿದಳು. “ದಿನಾ ಬಾಳೆಹಣ್ಣು ಬೇರೆ ತರ್ತಿದಾನೆ.”

ನನ್ನ ಕಾಲು ಪೆಡಲ್ ಮೇಲೆ ನಿಂತುಹೋಯಿತು. ಹಾಲು ಮತ್ತು ಬಾಳೆಹಣ್ಣು ಎಂದರೆ ಬರ್ಬೀಸ್‌ನಲ್ಲಿ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದು ಬಾಕೂವಿನ ಊಟ. ಬಾಕೂ ಎಂದರೆ ಗೇಣುದ್ದದ ಮನುಷ್ಯ, ಬಿರಡೆ ಬಿಗಿದ ಸೀಸೆಯಲ್ಲಿ ವಾಸ. ಹೊತ್ತುಹೊತ್ತಿಗೆ ಹಾಲು ಬಾಳೆಹಣ್ಣು ಕೊಟ್ಟರೆ ಯಜಮಾನ ಕೇಳಿದ್ದನ್ನೆಲ್ಲ ಮಾಡಿಕೊಡುತ್ತಾನೆ. ಹೊತ್ತು ತಪ್ಪಿದರೆ, ಇಲ್ಲವೇ ಸೀಸೆಯಿಂದ ತಪ್ಪಿಸಿಕೊಂಡರೆ, ಸಿಕ್ಕಿದವರ ಮನೆಯ ತಗಡಿನ ಮೇಲೆ ಕಲ್ಲು ಎಸೆಯುತ್ತಾನೆ. ನಾನು ಇದನ್ನೆಲ್ಲ ನಂಬುವುದಿಲ್ಲ. ನಂಬುವುದಿಲ್ಲ ಎಂದು ಹಗಲಿನಲ್ಲಿ ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ.

“ಬಾಳೆಹಣ್ಣು ಅಂಕಲ್‌ಗೆ, ಮಿಸ್ ಐವೊರೀನ್. ಕುಲುಕಿ ಕುಲುಕಿ ತೋಳು ಸೆಡೆತಿದೆ. ನರ್ಸಮ್ಮ ದಿನಕ್ಕೆ ಎರಡು ತಿನ್ನಿ ಅಂದಿದಾರೆ.”

“ತೋಳು ಯಾಕೆ ಸೆಡೀತು? ಬಾಟ್ಲಿ ಒಳಗಿರೋದು ಎಳೀತು, ಅದಕ್ಕೆ ಸೆಡೀತು.” ಅವಳು ಬಾಗಿಲು ತೆಗೆದು ಹೊರಟವಳು ತಿರುಗಿ ನಿಂತಳು. “ನೀನೂ ಶಾಮೀಲು ಅಂತ ಗೊತ್ತಾಗಿದೆ. ಅದಕ್ಕೆ ಕೆಂಪು ಅಂಗಿ ಹೊಲಿದುಕೊಟ್ಟಿಯಂತೆ?”

ಕೆಂಪು ಅಂಗಿಯ ವಿಷಯ ಇಷ್ಟು. ಮುದ್ರೆಯ ಮೇಲಿನ ಹಕ್ಕಳೆ ಕರಗಿಸಲು ಅಂಕಲ್ ಬಿಂಬುಳಿ ಕಾಯಿ ಜಜ್ಜಿ ಹಚ್ಚುತ್ತಿದ್ದರು. ಹಿತ್ತಾಳೆ ಪಾತ್ರೆಯ ಕಲೆಗೂ ಬಟ್ಟೆಯ ತುಕ್ಕಿಗೂ ನಮ್ಮ ಹೆಂಗಸರು ಹಚ್ಚುವುದು ಅದೇ ಹುಳಿಕಾಯಿ. ರಸ ಜಾರಿ ಹೋಗುತ್ತಿತ್ತು, ಆದ್ದರಿಂದ ಸುತ್ತಿ ಕಟ್ಟಲು ಒಂದು ತುಂಡು ಬಟ್ಟೆ ಕೊಡು ಎಂದು ಕೇಳಿದರು. ಕೈಗೆ ಸಿಕ್ಕಿದ ಕೆಂಪು ಫ್ಲಾನೆಲ್ ಕೊಟ್ಟೆ. ಸೀಸೆಯ ಹೆಗಲಿಗೆ ಅದನ್ನು ಸುತ್ತಿ ದಾರ ಬಿಗಿದಾಗ ನೋಡಲು ಅಂಗಿಯಂತೆಯೇ ಇತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅಧಿಕಾರಿಣಿ ಬರುವ ಶುಕ್ರವಾರದವರೆಗೆ ಬಿಚ್ಚಬಾರದು, ರಸ ಒಳಗೇ ಕೆಲಸ ಮಾಡಲಿ ಎಂದು ಅಂಕಲ್ ತೀರ್ಮಾನಿಸಿದ್ದರು. ಬಿಚ್ಚಿ ನೋಡಬೇಕೆಂದು ಅವರ ಬೆರಳು ದಿನಕ್ಕೆ ಹತ್ತು ಸಲ ದಾರದ ತುದಿಗೆ ಹೋಗುತ್ತಿತ್ತು, ನಾನು ಕಿಟಕಿಯಿಂದ “ಬೇಡ ಅಂಕಲ್!” ಎಂದು ಕೂಗುತ್ತಿದ್ದೆ.

ಸುದ್ದಿ ದೂಲಾರಿ ಆಂಟಿಯ ಕಿವಿಗೆ ಬಿತ್ತು. ಅವರು ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಬಂದು ನಿಂತರು. ನಾನು ಕತ್ತರಿ ಕೆಳಗಿಟ್ಟೆ.

“ಊರೆಲ್ಲ ಹೇಳ್ತಿರೋದು ನಿಜಾನಾ?”

“ಊರಿನೋರು ಇವತ್ತು ನಂಬ್ತಿದಾರೆ, ನೀನ್ ಯಾವಾಗ ನಂಬ್ತೀಯೋ,” ಎಂದರು ಅಂಕಲ್, ಜೊಹಾನಾಳ ಹೆಸರಿನ ವಿಷಯ ಎಂದುಕೊಂಡು.

“ಅಂದ್ರೆ ಇದೆ ಅದು ಒಳಗೆ.”

“ಖಂಡಿತ ಇದೆ. ಕೊಳೆ ಹೋದ್ರೆ ನೀನೇ ನೋಡ್ತೀಯ.”

ದೂಲಾರಿ ಆಂಟಿ ಹೆದರಿಕೊಂಡರೆ ಎಂದು ನೀವು ಕೇಳಬಹುದು. ಇಲ್ಲ. ಅವರಿಗೆ ಬಂದದ್ದು ಬೇರೆ. “ಮೂವತ್ತೊಂದು ವರ್ಷ ಆಯ್ತು ನಿಮ್ಮ ಕೈ ಹಿಡಿದು,” ಎಂದರು. “ಒಂದ್ ದಿನ ಅಂಗಡಿಯಿಂದ ಬರ್ತಾ ನನಗೆ ಅಂತ ಒಂದೇ ಒಂದು ಬಾಳೆಹಣ್ಣು ತಂದಿದೀರಾ? ಕೆಂಪು ಬಟ್ಟೆ ತಂದಿದೀರಾ? ಪಕ್ಕ ಕೂರಿಸ್ಕೊಂಡು ನಾಲ್ಕ್ ಮಾತು ಆಡಿದೀರಾ? ಬಾಟ್ಲಿಲಿರೋದಕ್ಕೆ ಎಲ್ಲಾ ಆಗುತ್ತೆ! ಅದನ್ನೇ ಇಟ್ಕೊಂಡು ಬಾಳಿ.” ಬ್ಯಾಗಿಗೆ ಬಟ್ಟೆ ತುರುಕಿಕೊಂಡು ಅವರು ಮುಂದಿನ ಊರಿನ ತಂಗಿಯ ಮನೆಗೆ ಮಿನಿಬಸ್ ಹತ್ತಿದರು. ಅಂಕಲ್ ಸೀಸೆ ಹಿಡಿದುಕೊಂಡು ಬಾಯಿ ತೆರೆದು ನಿಂತೇ ಇದ್ದರು. “ಬಾಳೆಹಣ್ಣು ಬೇಕಿತ್ತು ಅಂತ ಹೇಳಿದ್ರೆ ತರ್ತಿದ್ನಲ್ಲೋ ಟೇಲರ್,” ಎಂದು ನನ್ನನ್ನು ಕೇಳಿದರು. ಕೋಪಕ್ಕೆ ಕಾರಣ ಏನೆಂದು ಅವರು ಎಲ್ಲ ದಿಕ್ಕಿನಿಂದ ಯೋಚಿಸಿ, ಕೊನೆಗೆ ಅದು ಕಕ್ಕಸಿನ ಗುಂಡಿಯೇ ಎಂದು ತೀರ್ಮಾನಿಸಿದರು.

ಇತ್ತ ಊರಿನ ವರ್ತನೆ ಬದಲಾಯಿತು. ಬಾಕೂ ಸಾಕಿದವನನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗಿದೆ? ರಮ್ ಅಂಗಡಿಗೆ ಅಂಕಲ್ ಹೋದರೆ ಅವರಿಗಾಗಿ ಕುರ್ಚಿ ಖಾಲಿಯಾಗತೊಡಗಿತು. ಮೀನು ಮಾರುವವಳು ದೊಡ್ಡ ಮೀನನ್ನೇ ಆರಿಸಿ ಬಾಗಿಲಿಗೆ ತಂದುಕೊಟ್ಟು, ಹಿಂದೆ ನೋಡದೆ ನಡೆದಳು. ಒಂದು ಬೆಳಿಗ್ಗೆ ಓವರ್‌ಸಿಯರ್ ಕೌಲೇಸರ್ ತಲೆಯ ಮೇಲೆ ಹಲಗೆ ಹೊತ್ತ ಇಬ್ಬರು ಆಳುಗಳೊಂದಿಗೆ ಬಂದರು. ಅಂಕಲ್ ಮನೆಯ ಮುಂದಿನ ಚರಂಡಿಯ ಸೇತುವೆ ಮುರಿದು ನಾಲ್ಕು ವರ್ಷವಾಗಿತ್ತು, ಹನ್ನೊಂದು ಅರ್ಜಿ ಹೋಗಿದ್ದವು. ಅವತ್ತು ಮಧ್ಯಾಹ್ನದೊಳಗೆ ಹೊಸ ಸೇತುವೆ ಎದ್ದಿತು, ಅದಕ್ಕೆ ಕಟಕಟೆಯೂ ಬಂತು, ಕಟಕಟೆಗೆ ಬಣ್ಣವೂ ಬಂತು.

ಕೆಲಸ ಮುಗಿದ ಮೇಲೆ ಕೌಲೇಸರ್ ಟೋಪಿ ತೆಗೆದು ಹಿತ್ತಲಿಗೆ ಬಂದರು. ಸೀಸೆಯಿಂದ ಹತ್ತು ಹೆಜ್ಜೆ ದೂರ ನಿಂತರು.

“ಹೆಸರು ಗೊತ್ತಾಯ್ತಾ ಬಿಸೂನ್ ಭಾಯಿ?”

“ಪೂರ್ತಿ ಇಲ್ಲ. ಜೆ ಅನ್ನೋದು ಗ್ಯಾರಂಟಿ.”

“ವಯಸ್ಸು?”

“ಕಡಿಮೆ ಅಂದ್ರೂ ಇನ್ನೂರೈವತ್ತು.”

ಕೌಲೇಸರ್ ಒಂದು ಹೆಜ್ಜೆ ಹಿಂದೆ ಇಟ್ಟರು. “ಇನ್ನೂರೈವತ್ತು ವರ್ಷದಿಂದ ಮಣ್ಣೊಳಗೆ!”

“ಹೂಂ ಮತ್ತೆ. ಹಾಗಿದ್ಮೇಲೆ ಅಷ್ಟು ಸುಲಭಕ್ಕೆ ಬಿಡುತ್ತಾ? ಹಠ ಮಾಡುತ್ತೆ. ನಾವು ತಾಳ್ಮೆಯಿಂದ ಒಲಿಸ್ಕೊಬೇಕು.”

“ನನ್ನ ಮೇಲೆ ಅದಕ್ಕೆ ಏನೂ ಸಿಟ್ಟಿಲ್ಲ ತಾನೆ? ಅವತ್ತು ಕತ್ತೆ ವಿಷ್ಯ ಎತ್ತಿ ನಕ್ಕೆ…”

“ನಿಮ್ಮಂಥ ಒಬ್ಬರು ನಕ್ಕರೆ ಅದರ ಬೆಲೆ ಹೋಗುತ್ತಾ ಸಾರ್?” ಎಂದರು ಅಂಕಲ್ ಉದಾರವಾಗಿ.

ಕೌಲೇಸರ್ ಸೀಸೆಗೆ ಅರ್ಧ ಬಗ್ಗಿ ಕೈಮುಗಿದು, ನ್ಯೂ ಆಮ್‌ಸ್ಟರ್‌ಡ್ಯಾಮ್ ಪಟ್ಟಣಕ್ಕೆ ತನಗೆ ವರ್ಗ ಬೇಕಿತ್ತೆಂದು ಗಾಳಿಗೆ ಹೇಳುವಂತೆ ಹೇಳಿ ಹೋದರು. ಅಂಕಲ್ ನನ್ನ ಕಡೆ ತಿರುಗಿದರು. ಮುಖ ಅರಳಿತ್ತು. “ನೋಡಿದ್ಯಾ ಟೇಲರ್? ವಿದ್ಯೆಗೆ ಬೆಲೆ ಇಲ್ಲ ಅಂತಿದ್ನಲ್ಲ ನಾನು? ಇದೆ. ನಿಧಾನ, ಅಷ್ಟೆ.”

ಆ ಮುಖ ನೋಡಿದ ಮೇಲೆ ನಿಜ ಹೇಳುವುದು ಸುಲಭವಾಗಿರಲಿಲ್ಲ. ಹೇಳದೆ ಇರುವುದೂ ಸರಿ ಅನ್ನಿಸಲಿಲ್ಲ. ಗುರುವಾರ ಸಂಜೆ, ಅಧಿಕಾರಿಣಿ ಬರುವ ಹಿಂದಿನ ದಿನ, ನಾನು ಹೋಗಿ ಅವರ ಮೆಟ್ಟಿಲ ಮೇಲೆ ಕೂತೆ. ಹಾಲು, ಬಾಳೆಹಣ್ಣು, ಅಂಗಿ, ಸೇತುವೆ, ದೂಲಾರಿ ಆಂಟಿ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಕುಲುಕುವುದನ್ನು ನಿಲ್ಲಿಸಿದರು.

“ಅಂದ್ರೆ ಜೊಹಾನಾ ಹೆಸರಿನ ವಿಷಯ ಯಾರೂ ನಂಬಿಲ್ವಾ?”

“ಇಲ್ಲ ಅಂಕಲ್.”

“ಒಬ್ಬರೂ?”

“ಬಾಕೂ ಇದೆ ಅಂತ ಎಲ್ಲರೂ ನಂಬಿದಾರೆ.”

“ನಾನ್ ಹೇಳದೇ ಇದ್ದದ್ದನ್ನ ನಂಬಿದ್ರು,” ಎಂದರು ಅಂಕಲ್. ಆ ಹೊಸ ಸೇತುವೆಯ ಬಣ್ಣದ ಕಡೆ ನೋಡಿದರು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ಕುರ್ಚಿ, ಮೀನು, ಸೇತುವೆ, ಇಷ್ಟು ಮರ್ಯಾದೆ ನಮ್ಮೂರಿನಲ್ಲಿ ಶಾಸಕರಿಗೂ ಸಿಗುವುದಿಲ್ಲ. ಆದರೆ ಅಂಕಲ್ ಎದ್ದು ನಿಂತರು. “ನಾಳೆ ಎಲ್ಲರ ಎದುರಿಗೆ ಬಿರಡೆ ತೆಗೆದು ಬಾಟ್ಲಿ ಬೋರಲು ಹಾಕ್ತೀನಿ. ಒಳಗೆ ಏನೂ ಇಲ್ಲ ಅಂತ ನೋಡ್ಲಿ. ಆಮೇಲೆ ಬಟ್ಟೆ ಬಿಚ್ಚಿ ಹೆಸರು ಓದ್ತೀನಿ. ಹೋಗಿ ಊರಿಗೆಲ್ಲ ಹೇಳ್ಬಾ.”

ನಾನು ಹೇಳಿದೆ. ಶುಕ್ರವಾರ ಒಂಬತ್ತೂವರೆಗೆ ಹಿತ್ತಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಿಸ್ ಐವೊರೀನ್ ಗೌನಿನ ಎರಡೂ ಜೇಬಿನಲ್ಲಿ ಬಾಕೂವನ್ನು ಓಡಿಸುವ ಉಪ್ಪು ತುಂಬಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದಳು. ಕೌಲೇಸರ್ ಗೇಟಿನ ಹತ್ತಿರ, ಮುಖ ಇತ್ತ, ಪಾದ ಅತ್ತ ಮಾಡಿ ನಿಂತಿದ್ದರು. ದೂಲಾರಿ ಆಂಟಿಯೂ ಬಂದಿದ್ದರು. ರೊಟ್ಟಿ ಕಾವಲಿ ಮರೆತುಹೋಗಿತ್ತು, ಅದನ್ನು ಒಯ್ಯಲು ಬಂದೆ, ನೋಡಲು ಬಂದದ್ದಲ್ಲ ಎಂದು ಎದುರಾದ ಪ್ರತಿಯೊಬ್ಬರಿಗೂ ತಾವಾಗಿಯೇ ಹೇಳುತ್ತ ಅಡಿಗೆಮನೆ ಸೇರಿದರು. ನಾನು ಜನರ ನಡುವೆ ಯಾಕೆ ನೂಕಾಡಬೇಕೆಂದು ನನ್ನ ಕಿಟಕಿಯಲ್ಲೇ ಉಳಿದೆ.

ಹತ್ತಕ್ಕೆ ಸರಿಯಾಗಿ ಮಿಸ್ ಟ್ರಾಟ್‌ಮನ್ ಬಂದರು. ತೆಳ್ಳನೆಯ ಹೆಂಗಸು, ಬಿಳಿ ಕೈಗವಸು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಇಷ್ಟು ಜನ ಯಾಕೆಂದು ಕೇಳಿದರು. ಯಾರೋ ಹೇಳಿದರು. ಅವರು ಬಿದ್ದು ಬಿದ್ದು ನಕ್ಕರು.

“ಬಾಕೂನಾ? ನೀವೆಲ್ಲ ಇಸ್ಕೂಲಿಗೆ ಹೋಗಿಲ್ವೇನ್ರೀ? ಗಾಜಿನ ಸೀಸೇಲಿ ಗಾಳಿ ಇರುತ್ತೆ, ಕೊಳೆ ಇರುತ್ತೆ. ಇನ್ನೇನಿರುತ್ತೆ? ತೆಗೀರಿ ಮಿಸ್ಟರ್ ರಾಮ್‌ಲಗನ್, ತೆಗೆದು ತೋರಿಸಿ ಇವರಿಗೆ.”

ಅಂಕಲ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಗಂಟಲು ಸರಿಮಾಡಿಕೊಂಡು ಭಾಷಣಕ್ಕೆ ನಿಂತರು. “ಮಹನೀಯರೇ. ನಾನು ಏನನ್ನೂ ಸಾಕಿಲ್ಲ. ಹಾಲು ಅಂದ್ರಲ್ಲ, ಅದು ಅಕ್ಕಿ ತೊಳೆದ ನೀರು. ಬಾಳೆಹಣ್ಣು ನಾನು ತಿಂದೆ. ಈಗ ನೋಡಿ.” ಬಿರಡೆ ಕಿತ್ತರು. ಪುಳುಕ್ ಎಂದಿತು. ಇಡೀ ಜನಸಮೂಹ ಒಂದು ಹೆಜ್ಜೆ ಹಿಂದೆ ಸರಿಯಿತು, ಹಿಂದಿನ ಸಾಲಿನಲ್ಲಿದ್ದ ಇಬ್ಬರು ಕಕ್ಕಸಿನ ಗುಂಡಿಗೆ ಬಿದ್ದರು. ಅಂಕಲ್ ಸೀಸೆಯನ್ನು ಬೋರಲು ಮಾಡಿದರು. ಬಿಳಿ ನೀರು ಸುರಿಯಿತು, ನುಚ್ಚಾದ ಅಕ್ಕಿ ಸುರಿಯಿತು, ಜಲ್ಲಿ, ತಾಮ್ರದ ಚೂರು ಸುರಿದವು. ಅಂಕಲ್ ತಳಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟರು. ವಾರಗಟ್ಟಲೆ ಬುದ್ಧಿಮಾತು ಕೇಳಿದ್ದ ಆ ಕೆಸರಿನ ಉಂಡೆ ಅವತ್ತೇ, ಆಗಲೇ, ಕಚ್ಚು ಬಿಟ್ಟಿತು. ಹೆಬ್ಬೆರಳು ಗಾತ್ರದ ಕಂದು ಉಂಡೆ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ, ಜನರ ಕಾಲುಗಳ ನಡುವೆ ಎಲ್ಲೋ ಮಾಯವಾಯಿತು.

ಅಂಕಲ್ ಸೀಸೆಯನ್ನು ಬಿಸಿಲಿಗೆ ಎತ್ತಿ ಹಿಡಿದರು. ಒಳಗೆ ಒಂದು ಕಲೆಯಿರಲಿಲ್ಲ. ಅಂಥ ಹಸಿರನ್ನು ನಾನು ಯಾವ ಬಟ್ಟೆಯಲ್ಲೂ ಕಂಡಿಲ್ಲ. “ನೋಡಿದ್ರಾ?” ಎಂದು ಗೆದ್ದ ದನಿಯಲ್ಲಿ ಕೂಗಿದರು. “ಒಳಗೆ ಏನೂ ಇಲ್ಲ! ಖಾಲಿ!”

ಜನ ಕತ್ತು ಚಾಚಿ ಸೀಸೆಯತ್ತ ನೋಡಿದರು. ಆಮೇಲೆ ಮಿಸ್ ಐವೊರೀನ್ ನಿಧಾನವಾಗಿ, ಒಂದೊಂದೇ ಮಾತು ತೂಗಿ ಹೇಳಿದಳು: “ಖಾಲಿ ಅಂದ್ರೆ… ಹೊರಗೆ ಬಂತು ಅಂತಾಯ್ತಲ್ಲ.”

ಅದೇ ಹೊತ್ತಿಗೆ ಅಂಕಲ್ ಮನೆಯ ತಗಡಿನ ಮೇಲೆ ಢಣ್ ಎಂದು ಸದ್ದಾಯಿತು.

ಅದು ಮನೆಯ ಮೇಲಕ್ಕೆ ಚಾಚಿದ ಮರದಿಂದ ಬಿದ್ದ ಮಾವಿನಕಾಯಿ. ಈಗ ಹೇಳುತ್ತೇನೆ, ಅದು ಮಾವಿನಕಾಯಿಯೇ. ಆದರೆ ಆಗ ಅದನ್ನು ವಿಚಾರಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕೌಲೇಸರ್ ಅವರ ಪಾದಗಳು ಮೊದಲೇ ಸಿದ್ಧವಾಗಿದ್ದವು, ತಾನು ಕಟ್ಟಿಸಿದ ಸೇತುವೆಯನ್ನು ಅವರು ಎರಡೇ ನೆಗೆತಕ್ಕೆ ದಾಟಿದರು. ಮಿಸ್ ಐವೊರೀನ್ ಎರಡೂ ಕೈಯಿಂದ ಉಪ್ಪು ಎರಚುತ್ತ, ತನ್ನ ವಯಸ್ಸನ್ನು ಹಿತ್ತಲಲ್ಲೇ ಬಿಟ್ಟು, ಬೇಲಿಯನ್ನು ಬೇಲಿಸಮೇತ ದಾಟಿದಳು. ಗುಂಡಿಯಲ್ಲಿದ್ದ ಇಬ್ಬರು ಕೈಯೂರದೆ ಮೇಲೆ ಬಂದರು. ಮಿಸ್ ಟ್ರಾಟ್‌ಮನ್ ಒಬ್ಬರೇ ನಿಂತಿದ್ದರು. “ಗಾಳಿ, ಗಾಳಿ,” ಎಂದು ಕೈಯಾಡಿಸಿದರು. “ಓಡ್ಬೇಡ್ರಿ, ಗಾಳಿಗೆ ಏನೋ…” ಎನ್ನುವಷ್ಟರಲ್ಲಿ ಎರಡನೇ ಢಣ್ ಬಿತ್ತು. ಆಮೇಲೆ ನಾನು ಅವರ ಬೆನ್ನನ್ನು ಮಾತ್ರ ನೋಡಿದೆ. ಮೊದಲು ಹೊರಟ ಕೌಲೇಸರ್‌ಗಿಂತ ಮುಂಚೆ ಮಿನಿಬಸ್ ಮುಟ್ಟಿದವರು ಅವರೇ ಎಂದು ಡ್ರೈವರ್ ಇವತ್ತಿಗೂ ಹೇಳುತ್ತಾನೆ.

ಹಿತ್ತಲಿನಲ್ಲಿ ಚಪ್ಪಲಿಗಳು, ಒಂದು ಭೂತಗನ್ನಡಿ, ಮತ್ತು ಬಿಸೂನ್ ಅಂಕಲ್ ಉಳಿದರು. “ನಿಲ್ರೀ! ಹೆಸರು ಓದೋದಿದೆ! ಬಟ್ಟೆ ಬಿಚ್ಚಿಲ್ಲ ಇನ್ನೂ!” ಎಂದು ಖಾಲಿ ರಸ್ತೆಗೆ ಕೂಗಿದರು. ರಸ್ತೆಯಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಅವರು ಮೆಲ್ಲಗೆ ಮೆಟ್ಟಿಲ ಮೇಲೆ ಕೂತು, ಕೆಂಪು ಫ್ಲಾನೆಲ್‌ನ ದಾರ ಬಿಚ್ಚಿದರು. ಬಿಚ್ಚಿದವರು ನೋಡಲಿಲ್ಲ. ಮುದ್ರೆಯ ಮೇಲ್ಮೈ ಹೊರಗೆ ಮಾಡಿ ಸೀಸೆಯನ್ನು ಮಡಿಲಲ್ಲಿ ಹಾಗೇ ಇಟ್ಟುಕೊಂಡರು. ತಾನೊಬ್ಬನೇ ಓದಿ ಏನು ಬಂತು ಎಂಬಂತೆ ಕೂತಿದ್ದರು.

ಆಗ ಅಡಿಗೆಮನೆಯಿಂದ ದೂಲಾರಿ ಆಂಟಿ ಕಾವಲಿ ಹಿಡಿದುಕೊಂಡು ಹೊರಗೆ ಬಂದರು.

“ನೀನ್ ಓಡ್ಲಿಲ್ವಾ?” ಎಂದರು ಅಂಕಲ್.

“ನಿಮ್ಮ ಜೊತೆ ಮೂವತ್ತೊಂದು ವರ್ಷ ಇದ್ದೀನಿ. ಗೇಣುದ್ದದ್ದು ನನಗೇನ್ ಮಾಡುತ್ತೆ? ಕೊಡಿ ಇಲ್ಲಿ.”

ಕಾವಲಿ ಕೆಳಗಿಟ್ಟು, ಕನ್ನಡಕ ಏರಿಸಿ, ಸೀಸೆಯನ್ನು ಬಿಸಿಲಿಗೆ ಹಿಡಿದರು. ಹೆಬ್ಬೆರಳಿನಿಂದ ಮುದ್ರೆ ಒರೆಸಿದರು. ಬಿಂಬುಳಿಯ ರಸದಲ್ಲಿ ಮೆತ್ತಗಾಗಿದ್ದ ಹಕ್ಕಳೆ ಒದ್ದೆ ಸುಣ್ಣದಂತೆ ಜಾರಿ ಬಂತು. ನಾನು ಕಿಟಕಿಯಿಂದ ಕತ್ತು ಚಾಚಿದೆ, ಆದರೆ ಅಷ್ಟು ದೂರಕ್ಕೆ ಯಾವ ಟೇಲರ್‌ನ ಕಣ್ಣೂ ಓದಲಾರದು. ಆಂಟಿ ಎಷ್ಟು ಹೊತ್ತು ನೋಡಿದರೆಂದರೆ, ಈ ಸಲವೂ ತಪ್ಪಿತು ಅಂಕಲ್‌ದು ಎಂದುಕೊಂಡೆ.

“ಜೆ,” ಎಂದರು ದೂಲಾರಿ ಆಂಟಿ.

ಅಂಕಲ್ ಒಂದು ಬೆರಳು ಮಡಚಿದರು.

“ಓ. ಎಚ್. ಇದೇನಿದು, ಎ. ಎನ್. ಇನ್ನೊಂದು ಎನ್. ಎ.” ಬೆರಳು ಸರಿಸಿದರು. “ಕೆಳಗೆ ಇಸವಿ ಇದೆ. ಸಾವಿರದ ಏಳುನೂರ ಐವತ್ತೊಂದು.” ಸೀಸೆ ಇಳಿಸಿ ಗಂಡನ ಮುಖ ನೋಡಿದರು. “ರೀ. ನೀವ್ ಹೇಳಿದ್ದು ನಿಜ.”

“ಏನಂದೆ?”

“ನೀವ್ ಹೇಳಿದ್ದು ನಿಜ ಅಂದೆ.”

“ಇನ್ನೊಂದ್ ಸಲ ಹೇಳು.”

“ನಿಜಾ ಅಂದ್ನಲ್ರೀ!”

ಅಂಕಲ್ ಕಣ್ಣೊರೆಸಿಕೊಂಡು ಎದ್ದು ನಿಂತರು. ಹಿತ್ತಲಿನ ನಾಲ್ಕೂ ಕಡೆ ನೋಡಿದರು, ಬೇಲಿಯತ್ತ ನೋಡಿದರು, ಸೇತುವೆಯತ್ತ ನೋಡಿದರು. “ಯಾರಿಗಾದ್ರೂ ಕೇಳಿಸ್ತಾ?” ಎಂದು ಕೂಗಿದರು. “ಊರಲ್ಲಿ ಒಬ್ಬರಿಗಾದ್ರೂ ಕೇಳಿಸ್ತಾ ಇದು?”

ಆ ಹೊತ್ತಿಗೆ ನನ್ನ ತಗಡಿನ ಮೇಲೂ ಏನೋ ಬಿದ್ದಿತ್ತು. ಆದರೂ ಆ ದನಿಗೆ ಉತ್ತರ ಕೊಡದೆ ಇರಲು ನನ್ನಿಂದ ಆಗಲಿಲ್ಲ.

“ನಂಗ್ ಕೇಳಿಸ್ತು ಅಂಕಲ್!” ಎಂದು ಕಿರುಚಿದೆ. “ಜೊಹಾನಾ! ಐವತ್ತೊಂದು! ನೀವ್ ಹೇಳಿದ್ದೇ ನಿಜ!”

“ಹಾಗಾದ್ರೆ ಬಾರೋ ಹೊರಗೆ! ಬಂದು ನಾಲ್ಕ್ ಜನಕ್ಕೆ ಹೇಳು!”

“ಹೇಳ್ತೀನಿ ಅಂಕಲ್, ಖಂಡಿತ ಹೇಳ್ತೀನಿ,” ಎಂದೆ, ಕತ್ತರಿಸುವ ಮೇಜಿನ ಕೆಳಗಿನಿಂದ. “ಅದು ಎಲ್ಲಿ ಹೋಯ್ತು ಅಂತ ಒಂದು ಗೊತ್ತಾಗ್ಲಿ.”